ಟ್ರ್ಯಾಕ್ಟರ್ ಹಿಂದೆ ಕಟ್ಟಿ ತಂದ ಕಾರು

ಆ ಕಾರು ನನ್ನ ಗ್ಯಾರೇಜಿಗೆ ಬಂದದ್ದು ತೆಂಗಿನಕಾಯಿಯ ಹಿಂದೆ. ಮುಂದೆ ಟ್ರ್ಯಾಕ್ಟರ್, ಅದರ ಹಿಂದೆ ಕಾಯಿ ತುಂಬಿದ ಟ್ರೇಲರ್, ಟ್ರೇಲರಿನ ಕೊಂಡಿಗೆ ಹಗ್ಗ, ಹಗ್ಗದ ತುದಿಗೆ ಬಿಳಿ ಬಣ್ಣದ ಹಳೆಯ ಜಪಾನಿ ಕಾರು. ಸ್ಟೀರಿಂಗ್ ಹಿಡಿದು ಒಬ್ಬ ಹೆಂಗಸು ಕೂತಿದ್ದರು. ಹಳೇಬೀಡಿನಿಂದ ಅರಸೀಕೆರೆವರೆಗೆ ಹಾಗೆಯೇ ಬಂದಿದ್ದರಂತೆ. ದಾರಿಯ ಧೂಳೆಲ್ಲ ಅವರ ಮೇಲಿತ್ತು. ಆದರೂ ಇಳಿಯುವ ಮೊದಲು ಕನ್ನಡಿ ನೋಡಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ಎಡಗಾಲನ್ನು ಕೈಯಿಂದಲೇ ಎತ್ತಿ ಹೊರಗಿಟ್ಟು ಇಳಿದರು. ಚಿಕ್ಕಂದಿನ ಪೋಲಿಯೊ. ಮೊಣಕಾಲಿನವರೆಗೆ ಕಬ್ಬಿಣದ ಪಟ್ಟಿ ಹಾಕಿದ ಬೂಟು ಇತ್ತು.

ಟ್ರ್ಯಾಕ್ಟರ್ ಓಡಿಸಿದವರು ಅವರ ಭಾವ, ತೀರಿಹೋದ ಗಂಡನ ಅಣ್ಣ. ಒಳ್ಳೆಯ ಕೆಲಸ ಮಾಡಿದ ಖುಷಿ ಅವರ ಮುಖದಲ್ಲಿತ್ತು.

"ಹೆಂಗೂ ಮಾರ್ಕೆಟ್ಟಿಗೆ ಕಾಯಿ ತರ್ಬೇಕಿತ್ತಲ್ಲ ಮೇಸ್ತ್ರಿ. ಹಿಂದಕ್ಕೆ ಕಟ್ಕೊಂಡ್ ಬಂದೆ. ಒಂದೇ ಡೀಸೆಲ್ಲಾಗೆ ಎರಡು ಕೆಲ್ಸ ಆಯ್ತು."

ನಾನು ಬಗ್ಗಿ ಕಾರಿನೊಳಗೆ ನೋಡಿದೆ. ಕ್ಲಚ್ ಪೆಡಲ್ ಇರಲಿಲ್ಲ. ಆಟೋಮ್ಯಾಟಿಕ್ ಗೇರಿನ ಕಾರು.

ನಮ್ಮ ಕಡೆ ದಾರಿಯಲ್ಲಿ ಯಾವ ಗಾಡಿ ನಿಂತರೂ ಮೊದಲು ಬರುವುದು ಟ್ರ್ಯಾಕ್ಟರ್, ಎರಡನೆಯದು ಹಗ್ಗ. ಯಾರೂ ಇಲ್ಲವೆನ್ನುವುದಿಲ್ಲ. ಸಾಮಾನ್ಯ ಕಾರನ್ನು ನ್ಯೂಟ್ರಲ್‌ಗೆ ಹಾಕಿ ಬೆಂಗಳೂರಿನವರೆಗೆ ಬೇಕಾದರೂ ಎಳೆದುಕೊಂಡು ಹೋಗಬಹುದು. ಆಟೋಮ್ಯಾಟಿಕ್‌ನ ಕಥೆಯೇ ಬೇರೆ. ಅದರೊಳಗೆ ಎಣ್ಣೆಯನ್ನು ತಳ್ಳುವ ಪಂಪು ತಿರುಗುವುದು ಎಂಜಿನ್ ಓಡುತ್ತಿದ್ದರೆ ಮಾತ್ರ. ಎಂಜಿನ್ ನಿಂತು ಹಿಂದಿನ ಚಕ್ರ ಉರುಳುತ್ತಿದ್ದರೆ ಒಳಗಿನ ಬುಷ್ಷು, ಡ್ರಮ್ಮು, ಪ್ಲೇಟುಗಳೆಲ್ಲ ಒಣಗಿಕೊಂಡೇ ತಿರುಗುತ್ತವೆ. ಇದನ್ನು ಭಾವನಿಗೆ ಆಗಲೇ ಹೇಳಬಹುದಿತ್ತು. ಅವರು ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತಾ ನಗುತ್ತಿದ್ದರು. ನಾನು ಬಾಯಿ ಬಿಡಲಿಲ್ಲ.

ಕಾರು ಮೊದಲು ಯಾಕೆ ನಿಂತಿತೆಂದು ಕೇಳಿದೆ. ಬೇಲೂರಿನಿಂದ ವಾಪಸು ಬರುವಾಗ ಮುಗ್ಗರಿಸಿ ಮುಗ್ಗರಿಸಿ ಆಫ್ ಆಯಿತು ಎಂದರು ಆಕೆ. ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ರಬ್ಬರು ಹರಿದಿತ್ತು, ಅಷ್ಟೇ. ಅದನ್ನು ಬದಲಾಯಿಸಿ ಚಾವಿ ತಿರುಗಿಸಿದರೆ ಎಂಜಿನ್ ಜೋರಾಗಿ ಎದ್ದಿತು. ಗೇರನ್ನು ಮುಂದಕ್ಕೆ ಓಡಿಸುವ ಡಿ ಗೆ ಎಳೆದೆ. ಎಂಜಿನ್ ಅರಚಿತು, ಕಾರು ಅಲ್ಲಾಡಲಿಲ್ಲ. ಹಿಂದಕ್ಕೂ ಅಷ್ಟೇ. ಒಂದು ತುಂಡು ರಬ್ಬರಿನ ರೋಗಕ್ಕೆ ಕೊಟ್ಟ ಔಷಧಿಯಿಂದ ಇಡೀ ಗೇರ್‌ಬಾಕ್ಸ್ ತೀರಿಕೊಂಡಿತ್ತು.

ಭಾವ ಕಾಯಿ ಇಳಿಸಲು ಮಾರ್ಕೆಟ್ಟಿಗೆ ಹೊರಟರು. ಹೊರಡುವಾಗ, "ಯೋಚ್ನೆ ಮಾಡ್ಬೇಡ ಬಿಡಮ್ಮ, ಈ ಸಲ ತೋಟಕ್ಕೆ ನಾನೇ ಹೋಗ್ಬತ್ತೀನಿ," ಎಂದರು. ಆಕೆ ತಲೆಯಾಡಿಸಿದರು. ಟ್ರ್ಯಾಕ್ಟರ್ ಸದ್ದು ದೂರವಾದ ಮೇಲೆ ಸ್ಟೂಲ್ ಎಳೆದುಕೊಂಡು ಎಡಗಾಲು ಚಾಚಿ ಕೂತರು.

ಅವರದ್ದು ಕಾಯಿ ವ್ಯಾಪಾರ. ಮರದ ಮೇಲಿರುವ ಕಾಯಿಗೇ ಬೆಲೆ ಕಟ್ಟಿ, ಇಡೀ ತೋಟದ ಫಸಲನ್ನು ಮುಂಚೆಯೇ ಮಾತಾಡಿಕೊಳ್ಳುವುದು. ಹಳೇಬೀಡಿನ ಸುತ್ತ ಕೆಲವು ತೋಟ, ಕಣಕಟ್ಟೆ ಕಡೆ ಹೆಚ್ಚು. ಶಿವರಾತ್ರಿ ಹತ್ತಿರದಲ್ಲಿತ್ತು. ಯುಗಾದಿಯ ಒಳಗೆ ಅವರ ಮಾತುಕತೆಯೆಲ್ಲ ಮುಗಿಯಬೇಕು.

"ಫೋನಲ್ಲೇ ಮಾತಾಡಿದ್ರೆ ಆಗಲ್ವಾ ಅಮ್ಮಾವ್ರೆ?"

"ಫೋನಲ್ಲಿ ಯಾರೂ ಬೆಲೆ ಹೇಳಲ್ಲ ಮೇಸ್ತ್ರಿ. ಮರದ ಬುಡಕ್ಕೆ ಬಂದೋರಿಗೇ ಹೇಳೋದು. ಯಾರು ಬಂದ್ರೋ ತೋಟ ಅವರ್ದು. ಒಂದು ವರ್ಷ ಭಾವ ಹೋದ್ರೆ ಮುಂದಿನ ವರ್ಷ ಅವರನ್ನೇ ಕರೀತಾರೆ. ಅವರು ಕೆಟ್ಟೋರಲ್ಲ. ಅದೇ ನೋಡಿ ಕಷ್ಟ, ಜಗಳ ಆಡೋಕೂ ಆಗಲ್ಲ."

"ಬಸ್ಸು?"

"ಬಸ್ ಸ್ಟಾಪಲ್ಲಿ ತೋಟ ಇರಲ್ವಲ್ಲ."

"ಡ್ರೈವರ್ ಇಟ್ಕೊಂಡ್ರೆ?"

"ಇಟ್ಕೊಂಡಿದ್ದೆ. ನಾನು ಹೇಳಿದ ಬೆಲೆ ನಾನು ಮನೆ ಸೇರೋಕ್ ಮೊದ್ಲೇ ಊರಿಗೆಲ್ಲ ಗೊತ್ತಾಗಿರೋದು. ಈ ಕಾರು ಬಂದ್ಮೇಲೇನೇ ನಾನು ವ್ಯಾಪಾರ ಅಂತ ಮಾಡಿದ್ದು."

ನಾನು ನೋಡ್ತೀನಿ ಎಂದೆ. ಆಗುತ್ತೆ ಎಂದು ಹೇಳಲಿಲ್ಲ. ಭರವಸೆ ಕೊಡುವುದು ನನ್ನ ಇಲಾಖೆಯಾಗಿರಲಿಲ್ಲ. ಅದು ನನ್ನ ಅಣ್ಣನದು. ಮಸ್ಕತ್‌ನಲ್ಲಿ ಹಲವು ವರ್ಷ ಇಂಥ ಗೇರ್‌ಬಾಕ್ಸ್‌ಗಳನ್ನೇ ಬಿಚ್ಚಿ ಕಲಿತು ಬಂದವನು ಅವನು. ಗಿರಾಕಿಯ ಜೊತೆ ಮಾತು ಅವನಿಗೆ, ಕಾರಿನ ಅಡಿಯ ಎಣ್ಣೆ ನನಗೆ. ಹಾಗೆ ಹಂಚಿಕೊಂಡು ಬದುಕಿದೆವು. ಅವನು ತೀರಿಹೋದ ಮೇಲೆ ಆಟೋಮ್ಯಾಟಿಕ್ ಕಾರುಗಳು ಬರುವುದು ಕಡಿಮೆಯಾಯಿತು, ಬಂದವನ್ನೂ ನಾನೇ ಸಾಗಹಾಕುತ್ತಿದ್ದೆ. ನಾನು ಮದುವೆಯಾಗಿರಲಿಲ್ಲ, ಅತ್ತಿಗೆ ತವರಿಗೆ ಹೋದರು. ದಿನವೆಲ್ಲ ಬಾಯಿ ಬಿಡದೆ ಕಳೆದ ದಿನಗಳೂ ಇದ್ದವು. ಈ ಕಾರನ್ನು ಯಾಕೆ ಇಟ್ಟುಕೊಂಡೆ ಎಂದರೆ, ನಿಜ ಹೇಳಬೇಕೆಂದರೆ, ಆಕೆ ಸ್ಟೂಲ್ ಎಳೆದುಕೊಂಡು ಕೂತು ಮಾತಾಡಿದ್ದರಿಂದ. ಆ ಸ್ಟೂಲಿನ ಮೇಲೆ ಬಹಳ ಕಾಲದಿಂದ ಯಾರೂ ಕೂತಿರಲಿಲ್ಲ.

ಮೊದಲ ತಪ್ಪು ಮಾರನೆಯ ದಿನವೇ ಆಯಿತು. ಬಾನೆಟ್ ಅಡಿಯ ತಗಡಿನಲ್ಲಿ ಕಾರಿನ ಜಾತಕವೆಲ್ಲ ಒತ್ತಿರುತ್ತದೆ. ಗೇರ್‌ಬಾಕ್ಸಿನ ಗುರುತೂ ಅಲ್ಲೇ ಇತ್ತು. ನಾಲ್ಕು ಗೇರಿನದು, ಅಂದರೆ ಮೂರರ ಮೇಲೆ ಓಟಕ್ಕೆಂದು ಇನ್ನೊಂದು ಇರುವಂಥದು. ಅದನ್ನೇ ಬೆಂಗಳೂರಿನ ಅಂಗಡಿಗೆ ಫೋನಿನಲ್ಲಿ ಓದಿ ಹೇಳಿ ಗೇರ್‌ಬಾಕ್ಸಿನ ಒಳಗೇ ಇರುವ ಕ್ಲಚ್ ಪ್ಲೇಟು, ಸೀಲು, ಎಣ್ಣೆ ಸೋರದಂತೆ ಸಂದಿಗೆ ಇಡುವ ಪ್ಯಾಕಿಂಗ್ ಎಲ್ಲ ತರಿಸಿದೆ. ಬಸ್ಸಿನಲ್ಲಿ ಪಾರ್ಸಲ್ ಬಂತು. ಅಡಿಯ ಎಣ್ಣೆ ತೊಟ್ಟಿಯನ್ನು ಬಿಚ್ಚಿ, ಹೊಸ ಪ್ಯಾಕಿಂಗನ್ನು ಅದರ ಮೇಲಿಟ್ಟು ನೋಡಿದರೆ ಒಂದು ತೂತೂ ಒಂದಕ್ಕೊಂದು ಕೂಡುತ್ತಿಲ್ಲ. ತಿರುಗಿಸಿ ಇಟ್ಟೆ, ಮಗುಚಿ ಇಟ್ಟೆ. ಪ್ಯಾಕಿಂಗ್ ಒಂದು ಆಕಾರ, ತೊಟ್ಟಿ ಇನ್ನೊಂದು ಆಕಾರ.

ಅಂಗಡಿಯವನನ್ನು ಬೈಯಲು ಫೋನ್ ತೆಗೆದವನು ಹಾಗೇ ಇಟ್ಟೆ. ತಗಡು ಹೇಳುವುದು ಕಾರು ಹುಟ್ಟಿದಾಗಿನ ಕಥೆ. ಆಮೇಲೆ ಯಾರು ಏನು ಮಾಡಿದರೆಂದು ಅದಕ್ಕೇನು ಗೊತ್ತು?

ಆ ದಿನ ಕೆಲಸ ನಿಲ್ಲಿಸಿ ಕಾರಿನ ಅಡಿಯನ್ನು ಸೀಮೆಎಣ್ಣೆ ಹಾಕಿ ತೊಳೆದೆ. ವರ್ಷಗಟ್ಟಲೆಯ ಕೆಸರು, ಎಣ್ಣೆ, ಯಾರೋ ಬಳಿದ ಕಪ್ಪು ಪೇಂಟು. ತೊಳೆದ ಮೇಲೆ ಒಂದೊಂದೇ ಕಾಣಿಸತೊಡಗಿತು. ಗೇರ್‌ಬಾಕ್ಸಿನ ಬಾಲವನ್ನು ಹೊರುವ ಅಡ್ಡಪಟ್ಟಿಗೆ ಕೈಡ್ರಿಲ್ಲಿನಲ್ಲಿ ಕೊರೆದ ವಕ್ರ ತೂತುಗಳು. ಅವುಗಳ ಒಂದು ಗೇಣು ಹಿಂದೆ, ಕಂಪನಿಯವರೇ ಮಾಡಿದ ನಯವಾದ ತೂತುಗಳು ಖಾಲಿ. ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟಿನ ನಡುವೆ ಬಳೆಯಂಥ ಎರಡು ವೆಲ್ಡಿಂಗ್ ಗುರುತು. ಅಂದರೆ ಶಾಫ್ಟನ್ನು ಕತ್ತರಿಸಿ, ತುಂಡು ಸೇರಿಸಿ ಉದ್ದ ಮಾಡಿದ್ದಾರೆ. ಉದ್ದನೆಯ ಗೇರ್‌ಬಾಕ್ಸ್ ತೆಗೆದು ಗಿಡ್ಡನೆಯದನ್ನು ಹಾಕಿದರೆ ಮಾತ್ರ ಹಾಗೆ ಮಾಡಬೇಕಾಗುತ್ತದೆ. ಡ್ಯಾಶ್‌ಬೋರ್ಡ್ ಕೆಳಗೆ ಎಲ್ಲಿಗೂ ಹೋಗದ ಒಂದು ವೈರು ಟೇಪು ಸುತ್ತಿಕೊಂಡು ನೇತಾಡುತ್ತಿತ್ತು.

ಆಕೆಗೆ ಫೋನ್ ಮಾಡಿದೆ. "ಗೇರ್ ಹಿಡಿಯ ಪಕ್ಕದಲ್ಲಿ ಒಂದು ಬಟನ್ ಇದೆಯಲ್ಲ ಅಮ್ಮಾವ್ರೆ, ಅದು ಏನ್ ಮಾಡ್ತಿತ್ತು?"

"ಏನೂ ಮಾಡಲ್ಲ. ನಾನು ತಗೊಂಡಾಗಿಂದ ಹಂಗೇ ಐತೆ. ಅರೇಹಳ್ಳಿ ಕಾಫಿ ಎಸ್ಟೇಟಿನೋರ ಹತ್ರ ತಗೊಂಡಿದ್ದು. ಕೇಳಿದ್ದಕ್ಕೆ, ಅದನ್ನ ಮುಟ್ಬೇಡಿ ಅಂದ್ರು, ಮುಟ್ಟಿಲ್ಲ."

ನಾಲ್ಕನೇ ಗೇರಿನ ಬಟನ್ ಅದು. ಅರೇಹಳ್ಳಿಯಲ್ಲಿ ಯಾವ ಕಾಲದಲ್ಲೋ ಮೂಲ ಗೇರ್‌ಬಾಕ್ಸ್ ಕೆಟ್ಟು, ಬೇರೆ ಸಿಗದೆ, ಅದೇ ಕಂಪನಿಯ ಇನ್ಯಾವುದೋ ಕಾರಿನ ಮೂರು ಗೇರಿನದನ್ನು ತಂದು ಕೂರಿಸಿದ್ದಾರೆ. ಅಷ್ಟು ವರ್ಷ ಆಕೆ ನಾಲ್ಕು ಗೇರಿನ ಕಾರನ್ನು ಮೂರರಲ್ಲಿ ಓಡಿಸಿದ್ದರು. ಅವರಿಗೆ ಹೇಳಿದಾಗ, "ಅದಕ್ಕೇ ಅಷ್ಟು ಕಿರುಚೋದಾ ಅದು?" ಎಂದರು.

ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದೆ. ಒಳಗಿನ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ಉಕ್ಕಿನ ಪ್ಲೇಟುಗಳು ನೀಲಿ ತಿರುಗಿದ್ದವು. ಹಿಂದಿನ ಬುಷ್ಷು ಶಾಫ್ಟಿಗೆ ಅಂಟಿಕೊಂಡು ಎರಡೂ ಒಂದಾಗಿದ್ದವು. ಸುತ್ತಿಗೆಯಿಂದ ತಟ್ಟಿದೆ, ಬಿಸಿ ಮಾಡಿ ತಟ್ಟಿದೆ, ಕದಲಲಿಲ್ಲ. ಹೊಸ ಪ್ಲೇಟು ಹಾಕಿ ಬದುಕಿಸುವ ಗೇರ್‌ಬಾಕ್ಸ್ ಅಲ್ಲ ಅದು.

ಊರಿನಲ್ಲಿ ಎಲ್ಲರ ಸಲಹೆ ಒಂದೇ ಇತ್ತು. ಲೇತ್‌ನವರು, ಬಿಡಿಭಾಗದ ಅಂಗಡಿಯವರು, ಪಕ್ಕದ ಟೈರ್ ಅಂಗಡಿಯವನು ಎಲ್ಲರೂ, "ಸಾಮಾನ್ಯ ಗೇರ್‌ಬಾಕ್ಸ್ ಹಾಕಿ, ಕೈಯಲ್ಲಿ ಎಳೆಯೋ ಕ್ಲಚ್ ಕೊಡಿ, ಮುಗೀತು" ಎಂದರು. ತಪ್ಪಾದ ಮಾತೇನಲ್ಲ. ಎಷ್ಟೋ ಜನ ಹಾಗೆ ಓಡಿಸುತ್ತಾರೆ. ಅದಕ್ಕೆ ಬೇಕಾದ ಗೇರ್‌ಬಾಕ್ಸ್ ಹಾಸನದಲ್ಲೇ ಸಿಕ್ಕಿತು, ತಂದೂ ಇಟ್ಟೆ. ಅದನ್ನು ಹಾಕಿದ್ದರೆ ಯುಗಾದಿಗೆ ಬೇಕಾದಷ್ಟು ಮುಂಚೆಯೇ ಕಾರು ಹೊರಡುತ್ತಿತ್ತು.

ಕೂಡಿಸುವ ಮೊದಲು ಆಕೆಯನ್ನು ಕರೆಸಿದೆ. ಪರಿಚಯದವರ ಒಂದು ಕೈಕ್ಲಚ್ಚಿನ ಕಾರು ಊರಲ್ಲಿತ್ತು, ಅದನ್ನು ಕೇಳಿ ತಂದು ರೈಲ್ವೆ ಗೋಡೆಯ ಪಕ್ಕದ ಬಯಲಿನಲ್ಲಿ ಓಡಿಸಿ ನೋಡಲು ಕೊಟ್ಟೆ. ನೇರ ದಾರಿಯಲ್ಲಿ ಚೆನ್ನಾಗೇ ಓಡಿಸಿದರು. ತಿರುಗಿಸಿಕೊಂಡು ರಿವರ್ಸ್ ಬರಲು ಹೇಳಿದೆ. ಬಲಗೈ ಸ್ಟೀರಿಂಗ್, ಎಡಗೈ ಕ್ಲಚ್ಚು, ಅದೇ ಎಡಗೈ ಗೇರು. ಹಿಂದೆ ನೋಡಲು ಮೈ ತಿರುಗಿಸಿದರೆ ಎಡಗಾಲು ಜಾರುತ್ತದೆ, ಅದನ್ನು ಎತ್ತಿ ಸರಿ ಮಾಡಲೂ ಆ ಎಡಗೈಯೇ ಬೇಕು. ಕಾರು ಮೂರು ಸಲ ಆಫ್ ಆಯಿತು. ಅವರು ಬೆವೆತು ಹೋಗಿದ್ದರು.

"ಕಲೀತೀನಿ ಬಿಡಿ ಮೇಸ್ತ್ರಿ," ಎಂದರು. "ಒಂದ್ಸಲಕ್ಕೇ ಯಾರ್ಗೆ ಬತ್ತದೆ?"

ಹಲ್ಲು ಕಚ್ಚಿಕೊಂಡು ಕಲಿಯುತ್ತಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ತೋಟದ ದಾರಿಗಳು ನನಗೆ ಗೊತ್ತು. ಒಂದು ಗಾಡಿ ಹಿಡಿಯುವಷ್ಟೇ ಅಗಲ, ಒಂದು ಕಡೆ ಕಾಲುವೆ, ಎದುರಿಗೆ ಎತ್ತಿನ ಗಾಡಿ ಬಂದರೆ ಬಂದಷ್ಟು ದೂರವೂ ರಿವರ್ಸ್. ಅಲ್ಲಿ ಇವರು ಸಿಕ್ಕಿಕೊಂಡು, ಎಳೆಯಲು ಭಾವನ ಟ್ರ್ಯಾಕ್ಟರ್ ಒಂದು ಸಲ ಬಂತೆಂದರೆ, ಅಲ್ಲಿಗೆ ಅವರ ಒಂಟಿ ಓಡಾಟ ಮುಗಿಯುತ್ತದೆ. ಸಂಜೆ ಆ ಗೇರ್‌ಬಾಕ್ಸನ್ನು ಹಾಸನಕ್ಕೆ ವಾಪಸ್ ಕಳಿಸಿದೆ. ನಾಲ್ಕು ಗೇರಿನದನ್ನೇ ಹುಡುಕುತ್ತೇನೆ ಎಂದು ಆಕೆಗೆ ಫೋನಿನಲ್ಲಿ ಹೇಳಿದೆ. ಯುಗಾದಿಯೊಳಗೆ ಆಗುತ್ತದೆಂದೂ ಹೇಳಿಬಿಟ್ಟೆ. ಸಿಗದಿದ್ದರೆ ಎಂದು ಕೇಳುವವರು ಪಕ್ಕದಲ್ಲಿ ಯಾರೂ ಇರಲಿಲ್ಲ.

ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆ. ಶಿವಾಜಿನಗರದ ಗುಜರಿ ಓಣಿಗಳಲ್ಲಿ ಮಧ್ಯಾಹ್ನದವರೆಗೆ ಅಲೆದ ಮೇಲೆ ಒಬ್ಬ ಮುದಿ ಸಾಬರು ತಮ್ಮ ಅಂಗಡಿಯ ಹಿಂಭಾಗಕ್ಕೆ ಕರೆದುಕೊಂಡು ಹೋದರು. ಗೋಡೆಗೆ ಒರಗಿಸಿದ ಮೂರು ಗೇರ್‌ಬಾಕ್ಸ್‌ಗಳು.

"ಎಲ್ಲಾ ಒಂದೇ. ಯಾವ್ದು ಬೇಕೋ ತಗೊಳ್ಳಿ," ಎಂದರು ಅವರು.

ಒಂದೇ ಆಗಿರಲಿಲ್ಲ. ನಾನು ಈ ಸಲ ಜೇಬಿನಲ್ಲಿ ಆ ಪ್ಯಾಕಿಂಗನ್ನೇ ಮಡಚಿ ತಂದಿದ್ದೆ. ಮೂರರ ತೊಟ್ಟಿಗೂ ಅದು ಕೂಡಿತು, ಅಲ್ಲಿಗೆ ಜಾತಿ ಸರಿ. ಒಂದರ ಬಾಲ ಅಳತೆಗಿಂತ ಉದ್ದ, ಯಾವುದೋ ವ್ಯಾನಿನದು. ಇನ್ನೊಂದರ ಅಳತೆ ಸರಿಯಿತ್ತು, ಎಣ್ಣೆ ಅಳೆಯುವ ಕಡ್ಡಿಯ ತೂತಿಗೆ ಮೂಗು ಹಿಡಿದರೆ ಸುಟ್ಟ ವಾಸನೆ. ಮೂರನೆಯದಕ್ಕೆ ವಾಸನೆ ಇರಲಿಲ್ಲ. ತೊಟ್ಟಿ ಬಿಚ್ಚಲು ಸಾಬರು ಮೊದಲು ಒಪ್ಪಲಿಲ್ಲ. ನಾನು ಅಲ್ಲೇ ಕೂತುಬಿಟ್ಟೆ. ಕೊನೆಗೆ ಅವರೇ ಸ್ಪ್ಯಾನರ್ ಕೊಟ್ಟರು. ತೊಟ್ಟಿಯ ತಳದಲ್ಲಿ ಒಂದು ಅಯಸ್ಕಾಂತ ಇರುತ್ತದೆ, ಸವೆದ ಲೋಹವನ್ನೆಲ್ಲ ಹಿಡಿದುಕೊಳ್ಳುತ್ತದೆ. ಅದರ ಮೇಲೆ ಬೂದುಬಣ್ಣದ ನುಣ್ಣನೆ ಪೇಸ್ಟು ಮಾತ್ರ ಇತ್ತು. ಚೂರುಗಳಿರಲಿಲ್ಲ. ವಯಸ್ಸಾದದ್ದು, ಆದರೆ ಕೆಟ್ಟದ್ದಲ್ಲ.

ಕೊಬ್ಬರಿ ಇಳಿಸಿ ಅರಸೀಕೆರೆಗೆ ಖಾಲಿ ಬರುತ್ತಿದ್ದ ಲಾರಿಗೆ ಅದನ್ನು ಹೇರಿಸಿ ನಾನು ಸಂಜೆಯ ರೈಲು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ತುಮಕೂರು ದಾಟುವವರೆಗೂ ಒಳಗೊಳಗೇ ಕುಣಿಯುತ್ತಿದ್ದೆ. ಎಂಥಾ ಒಳ್ಳೆ ಮಾಲು ಸಿಕ್ಕಿದೆ, ಹೇಗೆ ಹುಡುಕಿದೆ ಎಂದು ಯಾರಿಗಾದರೂ ಹೇಳಬೇಕೆನಿಸಿತು. ಎದುರಿಗೆ ಕೂತವರು ಕಡಲೆಕಾಯಿ ಬಿಡಿಸುತ್ತಿದ್ದರು. ಅವರಿಗೆ ಗೇರ್‌ಬಾಕ್ಸಿನ ಅಯಸ್ಕಾಂತದ ಕಥೆ ಹೇಳಿದರೆ ಏನೆಂದುಕೊಂಡಾರು? ಅಣ್ಣ ಇದ್ದಿದ್ದರೆ, ನಾನೇ ಹೋಗಿದ್ರೆ ಇನ್ನೂ ಒಳ್ಳೇದು ತರ್ತಿದ್ದೆ ಎಂದು ಕೆಣಕುತ್ತಿದ್ದ. ಆ ಕೊಂಕು ಮಾತು ಅವತ್ತು ಬೇಕಾಗಿತ್ತು. ತಿಪಟೂರು ಬರುವಷ್ಟರಲ್ಲಿ ಖುಷಿಯೆಲ್ಲ ಇಳಿದುಹೋಗಿತ್ತು.

ಆಮೇಲಿನ ದಿನಗಳು ಮೇಜಿನ ಮುಂದೆಯೇ ಕಳೆದವು. ಇಂಥ ಗೇರ್‌ಬಾಕ್ಸಿನ ಒಳಗೆ ಬಟ್ಟೆಯ ಒಂದು ಎಳೆ ಬಿದ್ದರೂ ಎಣ್ಣೆಯ ಸಣ್ಣ ದಾರಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ಬಿಚ್ಚಿದ್ದನ್ನೆಲ್ಲ ಬಟ್ಟೆಯ ಮೇಲಲ್ಲ, ಸ್ಟೀಲ್ ತಟ್ಟೆಗಳ ಮೇಲೆ ಬಿಚ್ಚಿದ ಕ್ರಮದಲ್ಲೇ ಇಡುತ್ತಾ ಹೋದೆ. ತಪ್ಪಾಗಿ ತರಿಸಿದ್ದ ಪಾರ್ಸಲಿನ ಸಾಮಾನು ಈಗ ಸರಿಯಾಗಿಯೇ ಹೊಂದಿತು. ಹೊಸ ಕ್ಲಚ್ ಪ್ಲೇಟುಗಳನ್ನು ಎಣ್ಣೆಯಲ್ಲಿ ನೆನೆಹಾಕಿ, ಸೀಲುಗಳನ್ನೆಲ್ಲ ಬದಲಿಸಿ, ಎಣ್ಣೆಗೆ ದಾರಿ ತೋರಿಸುವ ವಾಲ್ವುಗಳ ಪೆಟ್ಟಿಗೆಯನ್ನು ಉಸಿರು ಬಿಗಿಹಿಡಿದು ಮುಚ್ಚಿದೆ. ಲೇತ್‌ನವರು ಶಾಫ್ಟನ್ನು ಮತ್ತೆ ಕತ್ತರಿಸಿ ಹಳೆಯ ಅಳತೆಗೆ ತಂದರು. ರೇಡಿಯೇಟರಿನಲ್ಲಿ ಗೇರ್ ಎಣ್ಣೆ ತಣಿಯುವ ಕೊಳವೆಯನ್ನು ಗಾಳಿ ಹೊಡೆದು ತೊಳೆದೆ. ಹಳೆಯದರ ಸುಟ್ಟ ಕಸ ಅದರೊಳಗೆ ಉಳಿದಿದ್ದರೆ ಹೊಸದನ್ನೂ ಕೊಲ್ಲುತ್ತದೆ. ಆಕೆ ದಿನಾ ಮಧ್ಯಾಹ್ನ ಫೋನ್ ಮಾಡುತ್ತಿದ್ದರು. ನಾನು ಅವತ್ತು ಏನೇನು ಮಾಡಿದೆನೆಂದು ಹೇಳುತ್ತಿದ್ದೆ. ಅವರಿಗೆ ಎಷ್ಟು ಅರ್ಥವಾಗುತ್ತಿತ್ತೋ, ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಮಧ್ಯಾಹ್ನವಾಗುತ್ತಿದ್ದಂತೆ ನಾನು ಕೈ ತೊಳೆದುಕೊಂಡು ಫೋನಿನ ಹತ್ತಿರ ಸುಳಿಯುವುದನ್ನು ರೂಢಿ ಮಾಡಿಕೊಂಡೆ.

ಎರಡನೇ ಪೆಟ್ಟು ಕೂಡಿಸುವಾಗ ಬಿತ್ತು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕುಂಬಳಕಾಯಿ ಗಾತ್ರದ ಒಂದು ಭಾಗ ಇರುತ್ತದೆ, ಕನ್ವರ್ಟರ್. ಅದನ್ನು ಗೇರ್‌ಬಾಕ್ಸಿನ ಮೂತಿಗೆ ಇಟ್ಟು ತಿರುಗಿಸುತ್ತಾ ಒಳಗೆ ತಳ್ಳಿದರೆ ಮೂರು ಹಂತದಲ್ಲಿ ಕೂರುತ್ತದೆ. ಪ್ರತಿ ಹಂತಕ್ಕೂ ಟಕ್ಕೆಂದು ಸಣ್ಣ ಸದ್ದು. ಮೂರನೆಯ ಸದ್ದಿಗೆ ಅದು ಪಂಪಿನ ಗಾಲಿಯನ್ನು ಕಚ್ಚಿಕೊಂಡಿರುತ್ತದೆ. ಮೂರೂ ಆದವು, ಸ್ಕೇಲಿಟ್ಟು ಆಳವನ್ನೂ ಅಳೆದೆ. ಆಮೇಲೆ ಜಾಕಿನ ಮೇಲೆ ಹಲಗೆ ಇಟ್ಟು ಒಬ್ಬನೇ ಮೇಲೆತ್ತಿದೆ. ಅರ್ಧ ದಾರಿಯಲ್ಲಿ ಬಾಲ ಮೇಲೆದ್ದು ಮೂತಿ ಕೆಳಗೆ ವಾಲಿತು. ಹಿಡಿದು ಸರಿಮಾಡಿದೆನೇನೋ ನಿಜ. ಅಷ್ಟರಲ್ಲಿ ಕನ್ವರ್ಟರ್ ಮುಂದಕ್ಕೆ ಜಾರಿತ್ತು, ನನಗೆ ತಿಳಿಯಲಿಲ್ಲ.

ಬೋಲ್ಟು ಬಿಗಿಯುವಾಗ ಕೊನೆಯ ಒಂದು ಬೆರಳಿನಷ್ಟು ಸಂದು ಕೈಯಿಂದ ತಳ್ಳಿದರೆ ಮುಚ್ಚಲಿಲ್ಲ. ಸ್ಪ್ಯಾನರ್ ಹಾಕಿದರೆ ಮುಚ್ಚಿಕೊಳ್ಳುತ್ತಿತ್ತು. ಎರಡು ಸುತ್ತು ಬಿಗಿದೆ. ಕೈ ನಿಂತಿತು. ಗೇರ್‌ಬಾಕ್ಸ್ ತಾನಾಗಿ ಬಂದು ಕೂರಬೇಕೇ ಹೊರತು ಎಳೆಸಿಕೊಂಡಲ್ಲ. ಕೆಳಗಿನ ಕಿಂಡಿಯಲ್ಲಿ ಬೆರಳು ಹಾಕಿ ಕನ್ವರ್ಟರನ್ನು ಅಲ್ಲಾಡಿಸಿದೆ. ಒಂದಿಷ್ಟು ಆಟ ಇರಬೇಕಾದಲ್ಲಿ ಅದು ಬಿಗಿದು ನಿಂತಿತ್ತು. ಇನ್ನೆರಡು ಸುತ್ತು ಬಿಗಿದಿದ್ದರೆ ಪಂಪು ಒಡೆದು ಹೋಳಾಗುತ್ತಿತ್ತು. ಮತ್ತೆ ಎಲ್ಲ ಇಳಿಸಿದೆ. ಪಂಪು ಉಳಿದಿತ್ತು, ಮುಂದಿನ ಸೀಲಿನ ತುಟಿ ಹರಿದಿತ್ತು. ಹೊಸ ಸೀಲು ಬೆಂಗಳೂರಿನಿಂದ ಬರಬೇಕು. ಯುಗಾದಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿತ್ತು. ಕಾರಿನ ಅಡಿಯಲ್ಲೇ ಮಲಗಿಕೊಂಡು ಜೋರಾಗಿ ಬೈದೆ. ಯಾರನ್ನು ಬೈದೆನೋ ನನಗೇ ಗೊತ್ತಿಲ್ಲ. ಬಾಲ ಹಿಡಿಯಲು ಇನ್ನೊಂದು ಜೊತೆ ಕೈ ಇದ್ದಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

ಸೀಲು ಬಂದ ದಿನ ಮಾರ್ಕೆಟ್ಟಿನ ದಾರಿಯಲ್ಲಿ ಭಾವನ ಟ್ರ್ಯಾಕ್ಟರ್ ಕಂಡಿತು. ಕೈ ಅಡ್ಡ ಹಾಕಿ ನಿಲ್ಲಿಸಿದೆ. ಸಹಾಯ ಕೇಳುವುದು ನನಗೆ ಹಲ್ಲು ಕೀಳಿಸಿಕೊಂಡ ಹಾಗೆ. "ಒಂದು ಗಳಿಗೆ ಬಂದು ಹಿಡ್ಕೊಬೇಕಿತ್ತು," ಎಂದೆ. ಅವರು ಮರುಮಾತಾಡದೆ ಇಳಿದು, ಅಂಗಿ ಬಿಚ್ಚಿಟ್ಟು, ಬನಿಯನ್ನಿನಲ್ಲೇ ಕಾರಿನ ಅಡಿಗೆ ತೆವಳಿದರು. ನಾನು ಮುಂದೆ, ಅವರು ಬಾಲದ ಹತ್ತಿರ. ಅಡಿಯಲ್ಲಿ ಮಲಗಿದಾಗ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ.

"ಮೇಸ್ತ್ರಿ, ಒಂದ್ ಮಾತು ಕೇಳ್ಲಾ?"

"ಮೊದ್ಲು ಬಾಲ ಇಳಿಸಿ. ಇನ್ನೊಂಚೂರು. ಹಾಂ, ಹಂಗೇ ಇರ್ಲಿ."

"ನಾನು ಎಳ್ಕೊಂಡ್ ಬಂದಿದ್ಕೇ ಇದು ಹೋಗಿದ್ದು ಅಂತ ಟೈರ್ ಅಂಗ್ಡಿಯೋನು ಅಂದ. ನಿಜವಾ?"

ಅವರ ಎರಡೂ ಕೈ ಮೇಲೆ ಗೇರ್‌ಬಾಕ್ಸಿನ ಭಾರ ಇತ್ತು. ಸುಳ್ಳು ಹೇಳಿದ್ದರೆ ಇಬ್ಬರಿಗೂ ಸುಲಭವಾಗುತ್ತಿತ್ತು.

"ನಿಜ," ಎಂದೆ.

ಅವರು ಕೈ ಕದಲಿಸಲಿಲ್ಲ. ನಾನು ಒಂದಿಷ್ಟು ತಿರುವಿ ತಳ್ಳಿದೆ. ಗೇರ್‌ಬಾಕ್ಸ್ ತಾನಾಗಿ ಮುಂದೆ ಸರಿದು ಎಂಜಿನ್ನಿಗೆ ಕೂತಿತು, ಸಂದೇ ಇಲ್ಲದಂತೆ. ಕಿಂಡಿಯಲ್ಲಿ ಬೆರಳು ಹಾಕಿದರೆ ಕನ್ವರ್ಟರ್ ಬೇಕಾದಷ್ಟೇ ಆಡುತ್ತಿತ್ತು. ಬೋಲ್ಟುಗಳನ್ನು ಕೈಯಲ್ಲೇ ತಿರುಗಿಸಿದೆ. ಬಿಡಬಹುದು ಎಂದು ಹೇಳಿದ ಮೇಲೂ ಅವರು ಸ್ವಲ್ಪ ಹೊತ್ತು ಹಿಡಿದೇ ಇದ್ದರು.

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ, "ಆಯಮ್ಮಂಗೆ ಗೊತ್ತೈತಾ?" ಎಂದು ಕೇಳಿದರು.

"ನಾನು ಹೇಳಿಲ್ಲ."

"ಹೇಳ್ಬೇಡಿ. ನಾನೇ ಹೇಳ್ತೀನಿ."

ಆಮೇಲೆ ಉಳಿದದ್ದು ನೇರವಾದ ಕೆಲಸ. ಅಡ್ಡಪಟ್ಟಿ ಕಂಪನಿಯ ತೂತುಗಳಿಗೇ ಹೋಗಿ ಕೂತಿತು. ನೇತಾಡುತ್ತಿದ್ದ ವೈರನ್ನು ಗೇರ್‌ಬಾಕ್ಸಿಗೆ ಕೊಟ್ಟೆ. ಎಣ್ಣೆ ತುಂಬಿ, ಎಂಜಿನ್ ಓಡುತ್ತಿರುವಾಗಲೇ ಗೇರ್ ಹಿಡಿಯನ್ನು ಎಲ್ಲ ಮನೆಗಳಲ್ಲೂ ಒಮ್ಮೆ ನಿಲ್ಲಿಸಿ ಬಂದು, ಮತ್ತೆ ಕಡ್ಡಿ ನೋಡಿ ತುಂಬಿದೆ. ಡಿ ಗೆ ಎಳೆದಾಗ ಕಾರು ಮೆಲ್ಲಗೆ ಮುಂದಕ್ಕೆ ಸರಿಯಿತು. ನಾನು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಸುಮ್ಮನೆ ಕೂತೆ.

ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗಲೇ ಆಕೆ ಬಸ್ಸಿನಲ್ಲಿ ಬಂದರು. ಕಣಕಟ್ಟೆ ದಾರಿಯಲ್ಲಿ ಓಡಿಸಿ ನೋಡೋಣವೆಂದು ಹೊರಟೆವು. ಅವರು ಸ್ಟೀರಿಂಗ್‌ನಲ್ಲಿ, ನಾನು ಪಕ್ಕದಲ್ಲಿ. ಒಂದರಿಂದ ಎರಡಕ್ಕೆ ಹೋಗುವಾಗ ಗುದ್ದಿದ ಹಾಗೆ ಹಾರಿತು. ರಸ್ತೆಯ ಪಕ್ಕ ನಿಲ್ಲಿಸಿ, ಆಕ್ಸಿಲರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ಲನ್ನು ಒಂದೆಳೆಯಷ್ಟು ಸಡಿಲಿಸಿದೆ. ಕಾಲು ಎಷ್ಟು ಒತ್ತಿದೆಯೆಂದು ಗೇರ್‌ಬಾಕ್ಸಿಗೆ ಹೇಳುವುದು ಅದೇ. ಜಾಸ್ತಿ ಬಿಗಿದರೆ ಗುದ್ದುತ್ತದೆ, ಸಡಿಲ ಬಿಟ್ಟರೆ ಪ್ಲೇಟು ಜಾರಿ ಸುಡುತ್ತದೆ. ಮತ್ತೆ ಹೊರಟಾಗ ಎರಡು ಬಂದದ್ದು ತಿಳಿಯಲಿಲ್ಲ, ಮೂರೂ ಹಾಗೆಯೇ. ಬಟನ್ ಒತ್ತಿ ಎಂದೆ. ಒತ್ತಿದರು. ಸ್ವಲ್ಪ ವೇಗ ಬಂದ ಮೇಲೆ ಎಂಜಿನ್ನಿನ ಸದ್ದು ಥಟ್ಟನೆ ಇಳಿದುಹೋಯಿತು. ಆಕೆ ಗಾಬರಿಯಾಗಿ ನನ್ನ ಕಡೆ ನೋಡಿದರು.

"ಆಫ್ ಆಯ್ತಾ?"

"ಇಲ್ಲ ಅಮ್ಮಾವ್ರೆ. ನಾಲ್ಕನೇ ಗೇರು."

ಕಿಟಕಿಯಾಚೆಯ ಗಾಳಿ ಕೇಳಿಸುತ್ತಿತ್ತು. ಹಕ್ಕಿಗಳ ಸದ್ದೂ ಕೇಳಿಸುತ್ತಿತ್ತು. ಬಹಳ ದೂರ ಹೋದ ಮೇಲೆ, "ಭಾವ ಹೇಳಿದ್ರು, ಅವರೇ ಕೆಡಿಸಿದ್ದು ಅಂತ. ಅವತ್ತಿಂದ ತೋಟಕ್ಕೆ ಹೋಗ್ತೀನಿ ಅನ್ನೋ ಮಾತೇ ಎತ್ತಿಲ್ಲ," ಎಂದರು.

ವಾಪಸು ಗ್ಯಾರೇಜಿನ ಮುಂದೆ ನನ್ನನ್ನು ಇಳಿಸಿ, ಇಂಡಿಕೇಟರ್ ಹಾಕಿ, ಒಬ್ಬರೇ ಹೋದರು. ಯುಗಾದಿಯೊಳಗೆ ಎಲ್ಲ ತೋಟಗಳ ಮಾತೂ ಅವರೇ ಮುಗಿಸಿದರೆಂದು ಲೇತ್‌ನವರಿಂದ ತಿಳಿಯಿತು.

ರಿಪೇರಿ ಸರಿಯಾಗಿದ್ದರೆ ಗಿರಾಕಿ ಮತ್ತೆ ಬರುವುದಿಲ್ಲ. ಇದು ಗೊತ್ತಿದ್ದೂ ಈ ಕಸುಬಿಗೆ ಬಂದವನು ನಾನು. ಆದರೂ ಮಧ್ಯಾಹ್ನವಾದರೆ ಕೈ ತೊಳೆದುಕೊಂಡು ಫೋನಿನ ಹತ್ತಿರ ಹೋಗುವುದು ತಪ್ಪಲಿಲ್ಲ. ಫೋನ್ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ. ನಾಚಿಕೆಗೇಡಿನ ಮಾತೆಂದರೆ, ಒಂದೆರಡು ಸಲ ಆ ಕಾರಿಗೆ ಸಣ್ಣದೇನಾದರೂ ಆಗಬಾರದೇ ಎಂದುಕೊಂಡೆ. ಕೊನೆಗೆ ಒಂದು ದಿನ ನಾನೇ ಫೋನ್ ಮಾಡಿದೆ. ಜೀವಮಾನದಲ್ಲಿ ಗಿರಾಕಿಗೆ ನಾನಾಗಿ ಫೋನ್ ಮಾಡಿದ್ದು ಅದೇ ಮೊದಲು.

"ಎಣ್ಣೆ ಎಲ್ಲಾದರೂ ಸೋರ್ತಿದೆಯಾ ಅಂತ ಕೇಳೋಣ ಅಂತ."

"ಒಂದ್ ಹನೀನೂ ಇಲ್ಲ ಮೇಸ್ತ್ರಿ."

"ಗೇರು ಜಾರೋದು, ಗುದ್ದೋದು?"

"ಏನೂ ಇಲ್ಲ. ಬೆಣ್ಣೆ ಹಂಗೈತೆ."

ಅಲ್ಲಿಗೆ ನನ್ನ ಪ್ರಶ್ನೆಗಳು ಮುಗಿದವು. ಇಡುತ್ತೇನೆ ಎಂದೂ ಹೇಳಲಾಗದೆ ಸುಮ್ಮನೆ ಹಿಡಿದುಕೊಂಡು ನಿಂತೆ. ಆ ಕಡೆ ತೋಟದ ಗಾಳಿಯ ಸದ್ದು ಕೇಳಿಸುತ್ತಿತ್ತು.

"ಮೇಸ್ತ್ರಿ," ಎಂದರು ಆಕೆ. "ಊಟ ಆಯ್ತಾ?"

ಊರಿನಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಮಾತು. ಅಣ್ಣ ಹೋದ ಮೇಲೆ ನನ್ನನ್ನು ಯಾರೂ ಕೇಳಿರಲಿಲ್ಲ. ಆಯ್ತು ಎಂದೆ, ಬಾಯಿ ಅಭ್ಯಾಸಕ್ಕೆ. ಆಮೇಲೆ, "ಇಲ್ಲ, ಆಗಿಲ್ಲ," ಎಂದೆ.

"ಹಂಗಾದ್ರೆ ಬಾಗಿಲು ಹಾಕ್ಬೇಡಿ. ಕಣಕಟ್ಟೆಲೇ ಇದೀನಿ, ರೊಟ್ಟಿ ಜಾಸ್ತಿನೇ ಐತೆ. ಕಾರಿಗೇನೂ ಆಗಿಲ್ಲ, ಸುಮ್ನೆ ಬತ್ತೀನಿ."

ನಾನು ಒಳಗೆ ಹೋಗಿ ಸ್ಟೂಲ್ ಒರೆಸಿಟ್ಟೆ, ಬಾಗಿಲು ಹಾಕಲಿಲ್ಲ.